ಕುದ್ರುವಿನ ಹೊಗೆ

ಅರಬ್ ದೇಶದ ಯಾನ್ಬುವಿನ ನಮ್ಮ ಕೆಲಸಗಾರರ ಕ್ಯಾಂಪಿನಲ್ಲಿ ಇವತ್ತು ಯಾರೋ ಒಣಮೀನು ಸುಟ್ಟರು. ಆ ವಾಸನೆ ನನ್ನನ್ನು ಹೊಳೆ ನಡುವಿನ ನಮ್ಮ ಕುದ್ರುವಿಗೆ ಎಳೆದೊಯ್ದಿತು. ಅಲ್ಲಿದ್ದದ್ದು ಬೆರಳೆಣಿಕೆಯ ಮನೆಗಳು. ಹಿಂದೆಂದೋ ದೋಣಿಯಲ್ಲಿ ಬಂದಿಳಿದ ಅಣ್ಣತಮ್ಮಂದಿರಿಬ್ಬರ ಸಂತಾನ ನಾವೆಲ್ಲ ಎನ್ನುತ್ತಿದ್ದರು ಅಜ್ಜಿ. ಮಳೆಗಾಲದಲ್ಲಿ ಹೊಳೆ ತುಂಬಿ ದೋಣಿ ನಿಂತರೆ ಎಲ್ಲರೂ ಅಲ್ಲೇ ಬಂದಿಗಳು. ಆಗ ಅಜ್ಜಿ ಬೆಳಿಗ್ಗೆ ಅಂಗಳದಲ್ಲಿ ನಿಂತು ಒಂದೊಂದು ಮನೆಯ ಮಾಡಿನ ಮೇಲೂ ಹೊಗೆ ಹುಡುಕುತ್ತಿದ್ದರು. ಹೊಗೆ ಕಾಣದ ಮನೆಗೆ ನನ್ನ ಕೈಯಲ್ಲಿ ಗಂಜಿ, ಸುಟ್ಟ ಒಣಮೀನು ಕಳಿಸುತ್ತಿದ್ದರು.

“ನಾವು ಆಚೆ ಹೋಗುದು ಯಾವಾಗ ಅಜ್ಜಿ?” ಎಂದು ನಾನು ಅತ್ತರೆ ನಗುತ್ತಿದ್ದರು.

“ಎಂತ ಹೆದರಿಕೆ ಮಗಾ? ಹೊಳೆ ಇಳಿದರೆ ದೋಣಿ ಬರ್ತದೆ.”

ಈಗ ನನ್ನನ್ನು ಕೆಲಸಕ್ಕೆ ಕರೆಸಿದ ಧಣಿ, ಕಫೀಲ್, ಇಲ್ಲಿರಲು ಬೇಕಾದ ನನ್ನ ಪರವಾನಗಿ ಇಕಾಮಾ ನವೀಕರಿಸುತ್ತಿಲ್ಲ, ಅದಿಲ್ಲದೆ ಊರಿಗೆ ಹೋಗುವಂತಿಲ್ಲ. ಕಿಟಕಿಯಾಚೆ ಬರೀ ಮರಳು. ಇಳಿಯುವುದಕ್ಕೆ ಇಲ್ಲಿ ಹೊಳೆಯೇ ಇಲ್ಲ.