ಬಲಕ್ಕೆ ಸರಿದ ಗೆರೆ

ಮಗಳನ್ನು ಬೆಳೆಸುತ್ತ ಹನ್ನೊಂದು ವರ್ಷ ಮನೆಯಲ್ಲಿದ್ದ ಮೇಲೆ, ಪರದೇಶದ ನಮ್ಮ ಮನೆಗೆ ಹತ್ತಿರದ ಊರಾದ ಸಮರ್‌ಸೆಟ್‌ನ ಒಂದು ಸಣ್ಣ ಕಂಪನಿ ನನ್ನನ್ನು ಮತ್ತೆ ಲ್ಯಾಬಿಗೆ ಸೇರಿಸಿಕೊಂಡಿತು. ಗಾಜಿನ ಮೇಲೆ ಕೋಬಾಲ್ಟ್ ಮಿಶ್ರಲೋಹದ ತೆಳು ಪದರ, ಅಂದರೆ ಫಿಲ್ಮು, ಕೂರಿಸುವುದು ನನ್ನ ಕೆಲಸ. ಆ ಲೋಹದಲ್ಲಿ ಹರಳುಗಳಿಲ್ಲ. ಪರಮಾಣುಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ. ಹತ್ತಿರ ಅಯಸ್ಕಾಂತ ಬಂದರೆ ಸಾಕು, ವಿದ್ಯುತ್ತಿಗೆ ಅದು ಒಡ್ಡುವ ತಡೆ ಥಟ್ಟನೆ ಬದಲಾಗುತ್ತದೆ. ಅದರಿಂದ ಸೆನ್ಸರ್ ಮಾಡಬೇಕಿತ್ತು.

ಆ ತಡೆಯನ್ನು ಅಳೆದಾಗ, ಸೊನ್ನೆಯ ಎರಡೂ ಬದಿಗೆ ಸಮನಾಗಿರಬೇಕಾದ ಗ್ರಾಫಿನ ಗೆರೆ ನನ್ನ ಫಿಲ್ಮುಗಳಲ್ಲಿ ಬಲಕ್ಕೆ ಸರಿದಿತ್ತು. ಫಿಲ್ಮು ತನ್ನೊಳಗೇ ಒಂದು ಕಾಂತಕ್ಷೇತ್ರ ಹಿಡಿದಿಟ್ಟುಕೊಂಡಿದೆ ಎಂದು ನಂಬಿದೆ. ಎರಡು ವರ್ಷ ಅದರ ಮೇಲೆಯೇ ದುಡಿದೆ. ಮೇಲಧಿಕಾರಿ ಅದನ್ನು ಹೊಸ ಗುಣವೆಂದು ಗ್ರಾಹಕರಿಗೂ ತೋರಿಸಿದರು.

ಧಾರವಾಡದ ಕಡೆಯ ಹೊಸ ಇಂಜಿನಿಯರ್ ಒಬ್ಬಳು ಗ್ರಾಫ್ ನೋಡಿ ಕೇಳಿದಳು, "ಅಕ್ಕಾರ, ಫಿಲ್ಮ್ ತಿರುಗಿಸಿಟ್ಟು ಅಳತೆ ಮಾಡೀರೇನ್ರಿ?"

"ವೈರ್ ಅಂಟಿಸಿರ್ತೀವಲ್ಲ, ಕಿತ್ರೆ ಹಾಳಾಗುತ್ತೆ."

"ಒಂದ್ ಹಾಳಾದ್ರ ಆಗ್ಲಿ ಬಿಡ್ರಿ."

ಗುಣ ಫಿಲ್ಮಿನದೇ ಆಗಿದ್ದರೆ, ತಿರುಗಿಸಿದಾಗ ಗೆರೆ ಎಡಕ್ಕೆ ಹೋಗಬೇಕಿತ್ತು. ವೈರ್ ಕಿತ್ತು ತಿರುಗಿಸಿ ಅಳೆದೆವು, ಹೋಗಲಿಲ್ಲ. ಹತ್ತಿರವೇ ಎಲ್ಲೋ ಅಯಸ್ಕಾಂತವಿದೆಯೆಂದು ನಾವಿಬ್ಬರೂ ಅಳತೆಯ ಮೇಜಿನ ಡ್ರಾಯರುಗಳನ್ನು ಒಂದೊಂದಾಗಿ ಹೊರಗೆಳೆದೆವು. ಮೂರನೆಯದರಲ್ಲಿ, ಹಾಳೆಗಳ ಹಿಂದೆ, ಸ್ಕ್ರೂ ಚೆಲ್ಲದಂತೆ ಹಿಡಿಯುವ ಕಾಂತದ ತಟ್ಟೆಯಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಇಟ್ಟು ಮರೆತದ್ದು. ಅದನ್ನು ಕಾರಿಡಾರಿನಲ್ಲಿಟ್ಟು ಬಂದು ಮತ್ತೆ ಅಳೆದೆ. ಗೆರೆ ಸೊನ್ನೆಗೆ ಬಂದು ನಿಂತಿತು.

"ಯಾರಿಗಾದ್ರೂ ಹಿಂಗ ಆಗ್ತದ್ರಿ," ಅಂದಳು. ತಿರುಗಿಸಿ ನೋಡಬೇಕೆಂಬ ಯೋಚನೆ ನನಗೆ ಮೊದಲ ತಿಂಗಳೇ ಬಂದಿತ್ತು. ವೈರಿನ ನೆಪ ಹೇಳಿಕೊಂಡು ಮುಂದಕ್ಕೆ ಹಾಕಿದ್ದೆ. ನಿಜಕ್ಕೂ, ಗುಣ ಫಿಲ್ಮಿನದಲ್ಲವೆಂದು ಗೊತ್ತಾದೀತೆಂದು ಹೆದರಿದ್ದೆ.

ಮೇಲಧಿಕಾರಿ ರೇಗಲಿಲ್ಲ. ನನ್ನ ಮಾತು ಮುಗಿಯುವವರೆಗೆ ಕೇಳಿ, ಥ್ಯಾಂಕ್ಸ್ ಹೇಳಿದರು. ಮುಂದಿನ ವಾರ ಪ್ರಾಜೆಕ್ಟ್ ನಿಂತಿತು. ಹೊರಗಿನಿಂದ ಕೊಂಡ ಸೆನ್ಸರುಗಳನ್ನು ಪರೀಕ್ಷಿಸುವ ಕೆಲಸ ನನಗೆ ಬಂತು. ಈಗಲೂ ಅದನ್ನೇ ಮಾಡುತ್ತಿದ್ದೇನೆ. ಯಾರೂ ನನ್ನ ಅಭಿಪ್ರಾಯ ಕೇಳುವುದಿಲ್ಲ.

ಪ್ರಾಜೆಕ್ಟ್ ನಿಂತ ದಿನ ಸಂಜೆ, ಕೆಂಡಲ್ ಪಾರ್ಕ್ ಎಂಬ ಊರಿನ ನಮ್ಮ ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ.

"ಇನ್ನೊಂದ್ಸಲ ಶುರು ಮಾಡಿದ್ರಾಯ್ತು, ಅದಕ್ಕ್ಯಾಕೆ ಇಷ್ಟು?" ಅಂದರು.

"ನಂಗೆ ಐವತ್ತೊಂದು ಕಣ್ರೀ. ಇನ್ನು ಯಾರು ಶುರು ಮಾಡೋಕೆ ಬಿಡ್ತಾರೆ?"

ಮಗಳು ಫೋನಿನಿಂದ ತಲೆಯೆತ್ತಿ, "ಇಟ್ಸ್ ಜಸ್ಟ್ ವರ್ಕ್, ಅಮ್ಮಾ," ಅಂದಳು. ಅವಳಿಗಾಗಿ ಬಿಟ್ಟ ಹನ್ನೊಂದು ವರ್ಷ ನಾಲಿಗೆಯ ತುದಿಗೆ ಬಂತು. ಅನ್ನಕ್ಕಿಡಲು ಎದ್ದೆ.