ಲಗಾಮು ಸಡಿಲ ಬಿಟ್ಟರೆ ನಿಲ್ಲಬೇಕು

ರೇಸಿನಿಂದ ನಿವೃತ್ತಿಯಾದ ಕುದುರೆಯನ್ನು ದತ್ತು ತೆಗೆದುಕೊಂಡೆ ಎಂದಾಗ ಬ್ಯಾಂಕಿನಲ್ಲಿ ನನ್ನ ಜೊತೆ ಕೆಲಸ ಮಾಡುವವರು ನನಗೆ ತಲೆ ಕೆಟ್ಟಿದೆ ಎಂದುಕೊಂಡರು. ಕೆಲವರು ಬಾಯಿಬಿಟ್ಟೇ ಹೇಳಿದರು. ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಸ್ಕೂಟರ್ ನಿಲ್ಲಿಸಲು ದಿನಾ ಜಗಳವಾಡುವವಳು ಕುದುರೆಯನ್ನು ಎಲ್ಲಿ ಕಟ್ಟುತ್ತೀಯ ಎಂದು ನಕ್ಕರು. ನನ್ನ ಮಗಳು ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ಸವಾರಿ ಕಲಿಯುತ್ತಿದ್ದ ಜಾಗ ಊರಾಚೆ, ಸಮುದ್ರದ ರಸ್ತೆಯಲ್ಲಿದೆ. ಅಲ್ಲಿನ ಲಾಯದಲ್ಲಿ ಕಟ್ಟಿದೆವು.

ಕಂದು ಬಣ್ಣದವನು, ಎತ್ತರದವನು. ಮುಂಗಾಲಿಗೆ ಪೆಟ್ಟಾಗಿ ವಾಸಿಯಾಗಿತ್ತು. ಸವಾರಿಗೆ ಸಾಕು, ರೇಸಿಗೆ ಸಾಲದು. ನೋಡಲು ರಾಜಕುಮಾರ, ಒಳಗೆ ಶುದ್ಧ ಪುಕ್ಕಲು. ಯಾರಾದರೂ ಬಕೆಟ್ ಬೀಳಿಸಿದರೆ ಗೋಡೆಗೆ ಅಂಟಿಕೊಂಡು ನಡುಗುತ್ತಿದ್ದ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದೇ ಆ ನಡುಕ ನೋಡಿ.

ಸವಾರಿ ಶಾಲೆ ನಡೆಸುವ ಮೇಡಂ ಮೊದಲೇ ಎಚ್ಚರಿಸಿದ್ದರು. ಓಟದ ಕುದುರೆಗೆ ಲಗಾಮು ಬಿಗಿಯಾದರೆ ಓಡು ಎಂದರ್ಥ. ಜಾಕಿ ಬಿಗಿಹಿಡಿದಷ್ಟೂ ಅದು ಬಾಯಿಯಲ್ಲಿನ ಕಬ್ಬಿಣಕ್ಕೆ ಒರಗಿಕೊಂಡು ಮುನ್ನುಗ್ಗುತ್ತದೆ. ಹೆದರಿದ ಮನುಷ್ಯನೋ, ಮೊದಲು ಮಾಡುವ ಕೆಲಸವೇ ಎಳೆಯುವುದು. ಎಳೆದಷ್ಟೂ ಓಟ, ಓಡಿದಷ್ಟೂ ಎಳೆತ. ಮಗಳು ಮೊದಲ ಸಲ ಹತ್ತಿದಾಗ ಆದದ್ದೂ ಅದೇ. ಬೇಲಿ ಅಡ್ಡ ಬಂದದ್ದಕ್ಕೆ ನಿಂತರು, ಇಲ್ಲದಿದ್ದರೆ ಮಹಾಬಲಿಪುರ ಮುಟ್ಟುತ್ತಿದ್ದರು.

ಅಂದೇ ಮೇಡಂ ಕಡ್ಡಿ ಮುರಿದಂತೆ ಹೇಳಿದರು. ಇಲ್ಲಿ ಸಣ್ಣ ಮಕ್ಕಳು ಬರುತ್ತಾರೆ. ಪೊಂಗಲ್ ರಜೆಯ ತರಗತಿಗಳು ಶುರುವಾಗುವ ಮೊದಲು ನನ್ನೆದುರು ಓಡಿಸಿ, ಲಗಾಮು ಎಳೆಯದೆ ನಿಲ್ಲಿಸಿ ತೋರಿಸಿ. ಆಗದಿದ್ದರೆ ಬೇರೆ ಜಾಗ ನೋಡಿಕೊಳ್ಳಿ. ಬೇರೆ ಜಾಗವೆಂದು ಇದ್ದದ್ದು ಒಂದೇ. ಮದುವೆ ಮೆರವಣಿಗೆಗೆ ಕುದುರೆ ಕಳಿಸುವವರೊಬ್ಬರು ಆಗಲೇ ಬಂದು, ಅವನ ಸುತ್ತ ಒಂದು ಸುತ್ತು ಹಾಕಿ, ಚೆನ್ನಾಗಿದ್ದಾನೆ ಎಂದು ಹೋಗಿದ್ದರು. ಬ್ಯಾಂಡು, ಪಟಾಕಿ, ಕುಣಿಯುವ ಜನರ ನಡುವೆ ಇವನನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ. ಯಾರನ್ನಾದರೂ ತುಳಿಯುತ್ತಾನೆ, ಇಲ್ಲವೇ ತಾನೇ ಕಾಲು ಮುರಿದುಕೊಳ್ಳುತ್ತಾನೆ.

ನನ್ನ ಮಂಡಿ ಸವಾರಿಗೆ ಬಗ್ಗುವುದಿಲ್ಲ. ಹಾಗಾಗಿ ಮಗಳು ಜೀನಿನ ಮೇಲೆ, ನಾನು ಮರಳಿನಲ್ಲಿ ಪಕ್ಕದಲ್ಲಿ. ಅವಳು ದೀರ್ಘವಾಗಿ ಉಸಿರು ಬಿಡಬೇಕು, ಭಾರವಾಗಿ ಕೂರಬೇಕು, ಲಗಾಮು ಸಡಿಲಿಸಬೇಕು. ಅವನು ನಿಂತರೆ ನನ್ನ ಅಂಗೈಯಿಂದ ಬೆಲ್ಲದ ಚೂರು. ನಿಲ್ಲದಿದ್ದರೆ ಇನ್ನೊಂದು ಸುತ್ತು. ಬಿಸಿಲೇರುವವರೆಗೆ ಇದೇ.

"ಬಿಡೇ! ಬಿಡು ಅಂದ್ರೆ ಪೂರ್ತಿ ಬಿಡ್ಬೇಕು!" ಎಂದು ನಾನು ಗಂಟಲು ಹರಿದುಕೊಳ್ಳುತ್ತಿದ್ದೆ.

"ತೆರಿಯುಂ ಮಾ, ಕತ್ತಾದೆ." ಗೊತ್ತು, ಕಿರುಚಬೇಡ ಎಂದು ಅವಳ ತಮಿಳು.

ಡಿಸೆಂಬರಿನಲ್ಲಿ ಇಲ್ಲಿನ ಮಳೆಗಾಲ ಮುಗಿಯುವ ಹೊತ್ತಿಗೆ ಅವನು ನಡಿಗೆಯಿಂದ ನಿಲ್ಲುತ್ತಿದ್ದ, ಸಣ್ಣ ಓಟದಿಂದಲೂ ನಿಲ್ಲುತ್ತಿದ್ದ. ನಾಗಾಲೋಟದಿಂದ ಮಾತ್ರ ಒಮ್ಮೆ ನಿಂತರೆ ಒಮ್ಮೆ ಇಲ್ಲ. ಅಷ್ಟರಲ್ಲಿ ಪರೀಕ್ಷೆಯ ದಿನ ಬಂದೇಬಿಟ್ಟಿತು.

ಮೇಡಂ ಅಂಗಣದ ನಡುವೆ ಕೈಕಟ್ಟಿ ನಿಂತರು. ನಾನು ಲಾಯದ ಕೆಲಸದವರ ಜೊತೆ ಬೇಲಿಯ ಹೊರಗಿರಬೇಕೆಂದು ಅಪ್ಪಣೆಯಾಯಿತು. ನಡಿಗೆ ಸರಿಯಾಯಿತು. ಸಣ್ಣ ಓಟವೂ ಸರಿಯಾಯಿತು. ನಾಗಾಲೋಟಕ್ಕೆ ಎತ್ತಿದಾಗ ಅವನ ಕಿವಿಗಳು ಮುಂದಕ್ಕೆ, ಬೆನ್ನು ಸಡಿಲ. ಇಷ್ಟು ಚೆಂದವಾಗಿ ಅವನು ಯಾವತ್ತೂ ಓಡಿರಲಿಲ್ಲ. ಆಗ ಗೋಡೆಯಾಚೆಯಿಂದ ತಮಟೆ ಕೇಳಿಸಿತು. ಶವಯಾತ್ರೆ. ಈ ಊರಿನಲ್ಲಿ ತಮಟೆಯ ಹಿಂದೆಯೇ ಪಟಾಕಿ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮೇಡಂ ನಿಲ್ಲಿಸು ಎಂದು ಕೈ ಎತ್ತಿದರು. ಕೈ ಪೂರ್ತಿ ಮೇಲೇರುವ ಮೊದಲೇ ಸರಪಟಾಕಿ ಸಿಡಿಯಿತು.

ಅವನು ಒಮ್ಮೆ ಕುಸಿದಂತೆ ಮಾಡಿ ಹಾರಿದ. ಮಗಳ ಕಾಲು ರಿಕಾಪಿನ ಬಳೆಯಿಂದ ತಪ್ಪಿತು. ಮರಳು ಎದ್ದಿತು. ಅವಳ ಬೆನ್ನು ಮುಂದಕ್ಕೆ ಬಾಗಿದ್ದು, ಮೊಣಕೈಗಳು ಹಿಂದಕ್ಕೆ ಎಳೆದದ್ದು ಕಂಡಿತು. ಅವರ ಎದುರಿಗೆ ಅಂಗಣದ ಕೊನೆಯ ಇಟ್ಟಿಗೆ ಗೋಡೆ.

ನಾನು ಕೂಗಿದೆ. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿದೆ.

"ಹಿಡ್ಕೊಳ್ಳೇ! ಗಟ್ಟಿಯಾಗಿ ಹಿಡ್ಕೋ!"

ತಿಂಗಳುಗಟ್ಟಲೆ ಬಿಡು ಬಿಡು ಎಂದು ಅವಳ ಪ್ರಾಣ ತಿಂದವಳು ನಾನು. ಆ ಕ್ಷಣ ನನ್ನ ಬಾಯಿಂದ ಬಂದದ್ದು ಇದು.

ಅವಳು ಬಿಟ್ಟಳು. ಕೈಗಳು ಕುದುರೆಯ ಕತ್ತಿನ ಕಡೆಗೆ ಹೋದವು, ಲಗಾಮು ಜೋತುಬಿತ್ತು, ಅವಳು ಜೀನಿನಲ್ಲಿ ಹಿಂದಕ್ಕೆ ಕೂತಳು. ಪಟಾಕಿ ಇನ್ನೂ ಸಿಡಿಯುತ್ತಲೇ ಇತ್ತು. ಗೋಡೆ ಹತ್ತಿರವಾಯಿತು. ನಾನು ಕಣ್ಣು ಮುಚ್ಚಬೇಕೆಂದುಕೊಂಡೆ, ಆಗಲಿಲ್ಲ. ಅವನ ಓಟ ಮುರಿಯಿತು; ಎಡವಿದಂತಾಗಿ ಸಣ್ಣ ಓಟಕ್ಕಿಳಿದ, ಆಮೇಲೆ ನಡಿಗೆಗೆ. ಗೋಡೆಯ ಮುಂದೆ ನಿಂತು, ಹೊಟ್ಟೆ ಏರಿಳಿಯುತ್ತಾ, ಅಡಿಯಿಂದ ಮುಡಿಯವರೆಗೆ ನಡುಗಿದ. ನಡುಗಿದ, ಆದರೆ ಕದಲಲಿಲ್ಲ.

ಮೇಡಂ ಎತ್ತಿದ್ದ ಕೈ ಇಳಿಸಿದರು. ಆಮೇಲೆ "ಇರುಕ್ಕಟ್ಟುಂ" ಎಂದರು. ಇರಲಿ, ಇಲ್ಲೇ ಇರಲಿ.

ಮಗಳು ಅವನನ್ನು ನಡೆಸಿಕೊಂಡು ಬೇಲಿಯ ಬಳಿ ತಂದಳು. ಮುಖ ಬಿಳುಚಿತ್ತು, ತುಟಿಯಲ್ಲಿ ಮಾತ್ರ ನಗು.

"ಏನ್ ಮಾ, ಹಿಡಿ ಅಂದೆ?"

"ಅಂದೆ ಕಣೇ."

"ಹಿಡಿದಿದ್ರೆ?"

ನನಗೆ ಅಳು ಬಂತು, ಎಲ್ಲರೆದುರೇ. ಬೇಲಿಯ ಸಂದಿನಿಂದ ಕೈ ತೂರಿಸಿ, ಮರಳು ಮೆತ್ತಿದ ಅವಳ ಬೂಟನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ಬಿಡು ಮಾ, ಎಲ್ಲರೂ ನೋಡ್ತಿದಾರೆ" ಎಂದಳು.

ಬಿಡಲಿಲ್ಲ.