ಬರೆ ಮಾಯುವವರೆಗೆ

ಅಜ್ಜಂಪುರದ ಸುತ್ತಲ ಹಳ್ಳಿಗಳಿಗೆ ಹಿಟ್ಟಿನ ಗಿರಣಿ ಇನ್ನೂ ಬಂದಿರಲಿಲ್ಲ. ಮೈಸೂರು ಅರಸರ ಆ ಕಾಲದಲ್ಲಿ ಉಣ್ಣುವ ಪ್ರತಿ ಮುದ್ದೆಯ ಹಿಂದೆಯೂ ಯಾರೋ ಒಬ್ಬ ಹೆಂಗಸಿನ ಭುಜ ಇರುತ್ತಿತ್ತು. ಸಣ್ಣಬೀರಪ್ಪನ ಮನೆಯಲ್ಲಿ ಆ ಭುಜ ಅಂಜಿನಮ್ಮನದು.

ಅಂಜಿನಮ್ಮ ಸಣ್ಣಬೀರಪ್ಪನ ತೀರಿಹೋದ ಅಣ್ಣನ ಹೆಂಡತಿ. ಮಕ್ಕಳಿಲ್ಲ, ತವರಿನಲ್ಲಿ ಕರೆಯುವವರೂ ಉಳಿದಿಲ್ಲ. ಆದರೂ ಆ ಮನೆಯಲ್ಲಿ ಅವಳನ್ನು ಯಾರೂ ಹಂಗಿನವಳಂತೆ ಕಂಡಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ರಾಗಿ ಬೀಸುವವಳೂ ಅವಳೇ, ಒಲೆಯ ಮುಂದೆ ಹಿಟ್ಟು ತೊಳಸುವವಳೂ ಅವಳೇ. ಮುದ್ದೆ ತೊಳಸುವ ಹಿಟ್ಟಿನ ಕೋಲು ಯಾರ ಕೈಯಲ್ಲಿದೆಯೋ ಅವರೇ ಬಡಿಸುವವರು; ಯಾರಿಗೆ ಎಷ್ಟು ದೊಡ್ಡ ಮುದ್ದೆ ಎಂಬುದು ಅವರ ಮರ್ಜಿ. ಸಣ್ಣಬೀರಪ್ಪನ ಹೆಂಡತಿ ದ್ಯಾಮಮ್ಮ ಕೂಡ ತಟ್ಟೆ ಹಿಡಿದು ಕಾಯಬೇಕಿತ್ತು.

ಬಲಭುಜ ಹಿಡಿದುಕೊಂಡದ್ದು ಯಾವಾಗ ಎಂದು ಅಂಜಿನಮ್ಮನಿಗೇ ತಿಳಿಯದು. ಬಿದ್ದಿರಲಿಲ್ಲ, ಊತವಿರಲಿಲ್ಲ. ಬೀಸುವ ಕಲ್ಲಿನ ಗೂಟ ತನ್ನಿಂದ ದೂರ ಸರಿಯುವಾಗ ಭುಜದ ಸಂದಿನಲ್ಲಿ ಕಾದ ಸೂಜಿ ಆಡಿದಂತಾಗುತ್ತಿತ್ತು. ಹರಳೆಣ್ಣೆ ತಿಕ್ಕಿದಳು, ಬಿಸಿ ಬೂದಿಯ ಗಂಟು ಒತ್ತಿದಳು. ಮನೆಯವರು ನೋಡುತ್ತಿದ್ದದ್ದು ಕೈಯನ್ನು. ಕೈ ನೆಟ್ಟಗಿತ್ತು.

ಪಕ್ಕದ ಊರಿನ ಹೊನ್ನಯ್ಯ ನೋವಿಗೆ ಮದ್ದೆಂದು ದನಕ್ಕೂ ಜನಕ್ಕೂ ಕಾದ ಕಬ್ಬಿಣದ ಬರೆ ಹಾಕುವವನು. ಹಿಂದಿನ ವರ್ಷ ಅವನ ಹತ್ತಿರ ಭುಜಕ್ಕೆ ಬರೆ ಹಾಕಿಸಿಕೊಂಡಿದ್ದಳು. ಗುಳ್ಳೆ ಎದ್ದು, ಒಡೆದು, ಮಾಯುವವರೆಗೂ ಮನೆಯೇ ಮೆತ್ತಗಾಗಿತ್ತು. "ಕೊಡ ಮುಟ್ಬೇಡ ಬಿಡು ಅತ್ತಿಗೆ" ಎಂದಿದ್ದ ಸಣ್ಣಬೀರಪ್ಪ. ದ್ಯಾಮಮ್ಮ ಗೊಣಗದೆ ಬೀಸಿದ್ದಳು. ಆಮೇಲೆ ಚರ್ಮ ಕೂಡಿಕೊಂಡಿತು. ಒಳಗಿನದೂ ಕೂಡಿಕೊಂಡಿತೆಂದು ಎಲ್ಲರೂ ತಿಳಿದರು. "ಬರೆ ಹಾಕಿಸ್ಕಂಡಾಯ್ತಲ್ಲಕ್ಕ, ಇನ್ನೇನು" ಎಂದು ದ್ಯಾಮಮ್ಮ ಕಲ್ಲಿನ ಮುಂದಿನಿಂದ ಎದ್ದುಬಿಟ್ಟಳು. ನೋವು ಮಾತ್ರ ಇದ್ದಲ್ಲೇ ಇತ್ತು.

ಈ ವರ್ಷ ಅಂಜಿನಮ್ಮ ಮತ್ತೆ ಹೊನ್ನಯ್ಯನ ಜಗಲಿಗೆ ಹೋಗಿ ಕೂತಳು.

"ಅಲ್ಲೇ ಹಾಕಪ್ಪ."

ಹೊನ್ನಯ್ಯ ಹಳೆಯ ಕಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. "ಹೋದ್ಸಲದ್ದೇ ನಾಟ್ಲಿಲ್ಲ. ಇದೂ ನಾಟಲ್ಲ ಕಣವ್ವ."

"ನಾಟ್ದಿದ್ರೂ ಪರ್ವಾಗಿಲ್ಲ, ಹಾಕು."

"ಮತ್ಯಾಕೆ ಸುಟ್ಕಂತೀಯ?"

"ಗಾಯ ಹಸಿ ಇರೋಗಂಟ ಯಾರೂ ಕೆಲಸ ಹೇಳಲ್ಲ" ಎಂದಳು.

ಹೊನ್ನಯ್ಯ ಕೆಂಡದಲ್ಲಿಟ್ಟಿದ್ದ ಕುಡುಗೋಲನ್ನು ಹೊರಗೆಳೆದು ಮಣ್ಣಿಗೆ ಹಾಕಿದ. ಸುಡದೆಯೇ ಅರಿಸಿನ ಬಳಿದು, ಹರಳೆಲೆ ಇಟ್ಟು, ಭುಜಕ್ಕೆ ದಪ್ಪಗೆ ಬಟ್ಟೆ ಸುತ್ತಿದ. "ಹಾಕ್ದೆ ಅಂತ ನಾನು ಯಾರ್ಗೂ ಹೇಳಲ್ಲ. ಹಾಕ್ಲಿಲ್ಲ ಅಂತ್ಲೂ ಹೇಳಲ್ಲ. ಒಳ್ಳೇ ಗಿರಾಕಿ ಸಿಕ್ದೆ ನೀನು."

ಮನೆಯಲ್ಲಿ ಬಯಸಿದ ಬಿಡುವು ಸಿಕ್ಕಿತು. ಕೈಯನ್ನು ಎದೆಗೆ ಅವಚಿಕೊಂಡು ಕಂಬಕ್ಕೆ ಒರಗಿ ಕೂತಳು. ಮೊದಮೊದಲು ಹಾಯೆನಿಸಿತು. ಆಮೇಲೆ ತೋಳು ಮರಗಟ್ಟತೊಡಗಿತು. ತುರುಬು ಕಟ್ಟಲು ಕೈ ತಲೆಯವರೆಗೆ ಏಳಲಿಲ್ಲ. ಬೀಸಿದರೂ ನೋವು, ಬಿಟ್ಟರೂ ನೋವು. ಗಾಬರಿಯಾಗಿ ಹಿತ್ತಲ ಗೋಡೆಗೆ ಬೆರಳೂರಿ, ಹಲ್ಲಿ ಹತ್ತುವ ಹಾಗೆ ಕೈಯನ್ನು ಮೇಲೇರಿಸಿ ನೋಡಿದಳು. ತುಸು ಆಡಿಸಿ ನಿಲ್ಲಿಸಿದ ದಿನ ನಿದ್ದೆ ಬಂತು. ಆ ಖುಷಿಗೆ ಮಾರನೆಯ ದಿನ ಹೆಚ್ಚು ಆಡಿಸಿದಳು. ಆಮೇಲೆ ಮಗ್ಗುಲು ಬದಲಿಸಲೂ ಆಗಲಿಲ್ಲ. ಹೀಗೆ ಹೆಚ್ಚಿಸಿ ಕಡಿಮೆ ಮಾಡಿ ನೋಡಿದ ಮೇಲೆ ಒಂದು ಸಂಗತಿ ಅವಳಿಗೆ ಖಚಿತವಾಯಿತು. ಈ ನೋವು ಹೋಗುವಂಥದ್ದಲ್ಲ. ಆದರೆ ಅದಕ್ಕೊಂದು ಗಡಿಯಿದೆ. ನೋವು ಬಂದ ಮೇಲೆ ನಿಲ್ಲಿಸಿದರೆ ಗಡಿ ದಾಟಿದಂತೆ. ಬರುವ ಮುಂಚೆಯೇ ನಿಲ್ಲಿಸಬೇಕು.

ಆ ಮನೆಯಲ್ಲಿ ಗಟ್ಟಿಯಿದ್ದವರು ದುಡಿಯುತ್ತಿದ್ದರು, ಕಾಯಿಲೆಯವರು ಮಲಗುತ್ತಿದ್ದರು. ಅರ್ಧ ದುಡಿಯುವವರನ್ನು ಯಾರೂ ಕಂಡಿರಲಿಲ್ಲ.

ಹಿತ್ತಲಲ್ಲಿ ಕೈ ಏರಿಸುತ್ತಿದ್ದಾಗಲೇ ಒಂದು ಸಂಜೆ ಭುಜಕ್ಕೆ ಸುತ್ತಿದ್ದ ಬಟ್ಟೆ ಜಾರಿತು. ಸೌದೆಗೆ ಬಂದ ದ್ಯಾಮಮ್ಮ ನಿಂತು ನೋಡಿದಳು.

"ಹೊಸ ಬರೆ ಎಲ್ಲಕ್ಕ?"

"ಹಾಕಿಸ್ಕಂಡಿಲ್ಲ. ನೋವು ಮಾತ್ರ ಐತೆ ಕಣೇ."

"ಕಾಣ್ದಿರೋ ನೋವು ನಂಗೂ ಐತೆ, ಸೊಂಟದಾಗೆ. ನಾನ್ಯಾರ್ಗೆ ಹೇಳ್ಲಿ?"

ಅಂಜಿನಮ್ಮ ಬಟ್ಟೆಯನ್ನು ಮಡಿಚಿದಳು. "ಬೀಸೋವಾಗ ಎದುರು ಕೂತ್ಕೋ. ಇಬ್ರೂ ಗೂಟ ಹಿಡಿದ್ರೆ ನನ್ ಕೈ ತಡೀತೈತೆ. ಪೂರ್ತಿ ಬಿಡ್ತೀನಿ ಅಂತಿಲ್ಲ."

ದ್ಯಾಮಮ್ಮ ಸೌದೆ ಆರಿಸುತ್ತಲೇ ಯೋಚಿಸಿದಳು. "ಕೂತ್ಕಂತೀನಿ. ನಿಮ್ ಮೈದುನಂಗೆ ಬರೆ ಸುದ್ದಿನೂ ಹೇಳಲ್ಲ. ಹಿಟ್ಟಿನ ಕೋಲು ನಂಗೆ ಬಿಡು."

ಅಂಜಿನಮ್ಮ ಬಿಟ್ಟಳು. ಅಂದಿನಿಂದ ತಟ್ಟೆ ಮುಂದಿಟ್ಟುಕೊಂಡು ಕಾಯುವ ಸರದಿ ಅವಳದಾಯಿತು. ಮುದ್ದೆ ಚಿಕ್ಕದೇನೂ ಆಗಲಿಲ್ಲ. ಆದರೆ ಅದು ಬೇರೆಯವರ ಕೈಯಿಂದ ಬರುತ್ತಿತ್ತು.

ಆ ಮಾತಾದ ಮಾರನೆಯ ಬೆಳಗ್ಗೆ ಇಬ್ಬರೂ ಕಲ್ಲಿನ ಎದುರುಬದುರು ಕೂತರು. ಒಂದೇ ಗೂಟಕ್ಕೆ ಎರಡು ಕೈ. ಕಲ್ಲು ಹಗುರವಾಗಿ ತಿರುಗಿತು. ಭುಜದೊಳಗೆ ಬಿಸಿ ಇನ್ನೂ ಮೂಡಿರಲಿಲ್ಲ. ಇನ್ನೇನು ಮೂಡಬಹುದು ಎನ್ನುವಾಗ ಅಂಜಿನಮ್ಮ ಗೂಟ ಬಿಟ್ಟಳು.

"ನೋವು ಬಂತಾ?" ಎಂದಳು ದ್ಯಾಮಮ್ಮ.

"ಇಲ್ಲ, ಇನ್ನೂ ಇಲ್ಲ."

"ಮತ್ಯಾಕೆ ಬಿಟ್ಟೆ?"

ನೋವಿಲ್ಲದಾಗ ನಿಲ್ಲಿಸುವುದೇ ಮದ್ದು ಎಂದರೆ ಅದು ಅಂಜಿನಮ್ಮನ ಕಿವಿಗೇ ಸೋಮಾರಿಯ ಮಾತಾಗಿ ಕೇಳುತ್ತಿತ್ತು. "ಒಸಿ ತಡಿ, ಮತ್ತೆ ಹಿಡೀತೀನಿ" ಎಂದಳು.

ದ್ಯಾಮಮ್ಮ ಹಲ್ಲು ಕಚ್ಚಿ ಒಬ್ಬಳೇ ಬೀಸತೊಡಗಿದಳು, ಬೇಕೆಂದೇ ಜೋರಾಗಿ. ಗೂಟ ಪ್ರತಿ ಸುತ್ತಿಗೂ ಅಂಜಿನಮ್ಮನ ಮೊಣಕಾಲ ಹತ್ತಿರ ಬಂದು ಹೋಗುತ್ತಿತ್ತು. ಅವಳ ಬಲಗೈ ತಾನಾಗಿ ಅತ್ತ ಚಾಚಿತು. ಎಡಗೈಯಿಂದ ಅದನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡು, ಕಲ್ಲಿನ ಅಂಚಿನಿಂದ ಸುರಿಯುವ ಹಿಟ್ಟನ್ನು ನೋಡುತ್ತ ಕೂತಳು.